ಕಮರದ ಜೋಡಿ ಹಲಗೆ

ನಮ್ಮ ಮನೆಗೆ ಮೊದಲ ಸಲ ಬಂದವರು ಕಾಫಿ ಲೋಟ ಕೆಳಗಿಡುವ ಮುಂಚೆ ಕಿಟಕಿಯ ಕಡೆ ನೋಡಿ, "ಒಳಬಾಗಿಲು ತೇಗದ್ದಾ ಮೇಡಂ?" ಎಂದು ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಅದು ತೇಗವಲ್ಲ. ಮರದ ಪುಡಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಅದರ ಮೇಲೆ ತೇಗದ ಗೆರೆಗಳನ್ನು ಅಚ್ಚು ಹಾಕಿದ ಹಾಳೆ. ಏಳು ಕಿಟಕಿಗಳಿಗೂ ಒಂದೇ ಗೆರೆ, ಒಂದೇ ಜಾಗದಲ್ಲಿ ಒಂದೇ ಗಂಟು. ಕಾಪಿ ಹೊಡೆಯಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ವರ್ಷವಿಡೀ ಬೈಯುವ ನಾನು ಮನೆ ತುಂಬ ಕಾಪಿ ಹೊಡೆದ ಮರ ಹಾಕಿಸಿಕೊಂಡು ಕೂತಿದ್ದೇನೆ.

ಮಧುಗಿರಿಯಲ್ಲಿ ಮನೆ ಕಟ್ಟುವವರಿಗೆ ಕಿಟಕಿಯ ಒಳಬಾಗಿಲು ಶೋಕಿಯ ಮಾತಲ್ಲ. ಬೆಟ್ಟದ ಬಂಡೆ ಹಗಲೆಲ್ಲ ಬಿಸಿಲು ಕುಡಿದು, ಸಂಜೆಯಾದ ಮೇಲೆ ಅದನ್ನು ನಮ್ಮ ಬಡಾವಣೆಯ ಮೇಲೆ ಬಿಡುತ್ತದೆ. ಹೊರಗೆ ಗಾಜು, ನಡುವೆ ಕಬ್ಬಿಣದ ಸರಳು, ಒಳಗೆ ಗಟ್ಟಿಯಾದ ಎರಡು ಬಾಗಿಲು ಇದ್ದರೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಬಹುದು. ಆ ಏಳು ಕಿಟಕಿಗಳಲ್ಲಿ ಒಂದರ ಒಳಬಾಗಿಲು ನನ್ನಪ್ಪ ಕುಯ್ದ ಹಲಗೆಯದಾಗಬೇಕಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನು ನನ್ನ ಗಂಡನಿಗೂ ಪೂರ್ತಿಯಾಗಿ ಹೇಳಿಲ್ಲ.

ಅಪ್ಪ ಮರ ಕುಯ್ಯುವವನು. ಮಿಡಿಗೇಶಿ ಸುತ್ತಿನ ಹಳ್ಳಿಗಳಿಗೆ ಮಿಷನ್ನು ಬರುವ ಮುಂಚೆ ಮರವನ್ನು ಹಲಗೆ ಮಾಡುತ್ತಿದ್ದದ್ದು ಇಬ್ಬರು ಆಳು ಮತ್ತು ಒಂದು ಆಳುದ್ದದ ಗರಗಸ. ಗುಂಡಿಯ ಮೇಲೆ ದಿಮ್ಮಿಯನ್ನು ಅಡ್ಡ ಹಾಕಿ, ಒಬ್ಬ ಅದರ ಮೇಲೆ ನಿಲ್ಲುತ್ತಿದ್ದ, ಇನ್ನೊಬ್ಬ ಗುಂಡಿಗಿಳಿಯುತ್ತಿದ್ದ. ಮೇಲಿನವನು ಗೆರೆ ನೋಡಬೇಕು, ಕೆಳಗಿನವನು ಎಳೆಯಬೇಕು. ಅಪ್ಪ ಬದುಕಿಡೀ ಕೆಳಗಿನವನು. ನಮ್ಮ ಕೇರಿಯವನನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಬಡಗಿಯ ಮನೆಯವನನ್ನು ಗುಂಡಿಗಿಳಿಸುವ ರೂಢಿ ಊರಲ್ಲಿ ಇರಲಿಲ್ಲ. ಹೊಟ್ಟು ಇಡೀ ದಿನ ಮೇಲಿನಿಂದ ಕಣ್ಣಿಗೆ ಉದುರುತ್ತಿತ್ತು. ಈಗ ಅಪ್ಪನಿಗೆ ಬೆಳಕು ಗೊತ್ತಾಗುತ್ತದೆ, ಎದುರಿಗೆ ನಿಂತವರ ಎತ್ತರ ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ. ತುಮಕೂರಿನ ಕಣ್ಣಿನ ಡಾಕ್ಟರು ಇದು ಹೊಟ್ಟಿನಿಂದ ಬಂದದ್ದಲ್ಲ, ನರದ್ದು ಅಂದರು. ಅಪ್ಪ ಒಪ್ಪಲಿಲ್ಲ. ನಾನೂ ಒಪ್ಪಿಲ್ಲ.

ಊರಿನ ದೊಡ್ಡಮನೆಯ ಕಿಟಕಿಗಳಿಗೆ ಹಲಗೆ ಕುಯ್ದವನು ಅಪ್ಪನೇ. ಅವರ ಹೊಲದ ಬದುವಿನಲ್ಲಿದ್ದ ಕಮರದ ಮರ. ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಮರ ಅದು. ಎಷ್ಟು ಗಟ್ಟಿ ಎಂದರೆ ಗೆದ್ದಲು ಸುಳಿಯುವುದಿಲ್ಲ, ಮೊಳೆ ಇಳಿಯುವುದಿಲ್ಲ. ಒಳಗಿನ ತಿರುಳು ಕಪ್ಪುಗೆಂಪು. ಒಂದು ದಿಮ್ಮಿ ಮುಗಿಯುವವರೆಗೂ ಗರಗಸದ ಹಲ್ಲಿಗೆ ದಿನಕ್ಕೆ ನಾಲ್ಕು ಸಲ ಅರ ಹಾಕಿ ಹರಿತ ಮಾಡಬೇಕಾಗುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದ.

ಆ ಕಿಟಕಿಯ ಕೆಳಗೆ ನಾನು ಅಪ್ಪನ ಪಂಚೆ ಹಿಡಿದು ಎಷ್ಟೋ ಸಲ ನಿಂತಿದ್ದೇನೆ. ನಾವು ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಮನೆಯ ಹಿರಿಯಮ್ಮ ಒಳಗಿನಿಂದಲೇ ಮಾತಾಡುತ್ತಿದ್ದರು. ಕೊಡುವುದಿದ್ದರೆ ಸರಳಿನ ಸಂದಿಯಿಂದ ಕೆಳಗೆ ಹಾಕುತ್ತಿದ್ದರು, ಅಪ್ಪ ಟವಲು ಒಡ್ಡುತ್ತಿದ್ದ. ಮಾತು ಮುಗಿದ ಕೂಡಲೇ ಬಾಗಿಲೆರಡೂ ಒಳಗಿನಿಂದ ಮುಚ್ಚಿಕೊಳ್ಳುತ್ತಿದ್ದವು, ಚಿಲಕ ಬಿದ್ದ ಸದ್ದು ಕೇಳುತ್ತಿತ್ತು. ಆಗ ನನಗೆ ಕಾಣುತ್ತಿದ್ದದ್ದು ಹಲಗೆಯ ಹೊರಮೈ ಮಾತ್ರ, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದು.

"ಇದ್ರ ಒಳಮೈ ನೋಡ್ಬೇಕು ಕಣವ್ವ ನೀನು," ಎನ್ನುತ್ತಿದ್ದ ಅಪ್ಪ, ದಾರಿಯಲ್ಲಿ. "ಎಣ್ಣೆ ಕುಡಿದು ಹೆಂಗೆ ಮಿರಮಿರ ಅಂತಿರ್ತದೋ."

"ನೀನ್ ನೋಡಿದ್ದೀಯಾ?"

"ಕುಯ್ವಾಗ ನೋಡಿದ್ನಲ್ಲ."

ಆ ಮರದ ಕೊನೆಯ ತುಂಡು ಸ್ವಲ್ಪ ಡೊಂಕಿತ್ತು. ದೊಡ್ಡಮನೆಗೆ ಬೇಡವಾಯಿತು. ಆ ದಿನದ ರಾಗಿಯ ಬದಲು ಅದನ್ನು ಕೊಡಿ ಎಂದು ಅಪ್ಪ ಕೇಳಿ ತೆಗೆದುಕೊಂಡ. ಮೇಲೆ ನಿಲ್ಲುವವನನ್ನು ಕಾಡಿ ಬೇಡಿ, ಡೊಂಕು ಬಿಟ್ಟು, ಆಳುದ್ದದ ಎರಡು ಹಲಗೆ ತೆಗೆಸಿದ. ಒಂದೂವರೆ ಗೇಣು ಅಗಲ, ಎರಡು ಬೆರಳು ದಪ್ಪ. ಒಂದು ಹಲಗೆಯ ನಡುವೆ ಗರಗಸ ಜಾರಿ ಅಂಕುಡೊಂಕಾದ ಒಂದು ಗೀರು ಉಳಿದಿತ್ತು. ಕತ್ತಲಾಗುತ್ತಿತ್ತು, ಮೇಲಿನವನು ಅವಸರ ಮಾಡಿದ ಎಂದು ಅಪ್ಪ ಆಮೇಲೂ ವರ್ಷಗಟ್ಟಲೆ ಅವನನ್ನು ಬೈಯುತ್ತಿದ್ದ. ಅವತ್ತು ಅವ್ವ ಒಲೆ ಹಚ್ಚಲಿಲ್ಲ. ಹಲಗೆ ಬೇಯಿಸಿಕೊಂಡು ತಿನ್ನು ಎಂದಳಂತೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಏಕೆಂದರೆ ಆಗ ನಮ್ಮ ಗುಡಿಸಲಿಗೆ ಇದ್ದದ್ದು ಒಂದು ಕಿಂಡಿ, ಅದಕ್ಕೊಂದು ಗೋಣಿತಾಟು. ಕಿಟಕಿಯೇ ಇಲ್ಲದವನಿಗೆ ಕಿಟಕಿಯ ಬಾಗಿಲು ಬಂದಿತ್ತು.

ಆ ಹಲಗೆಗಳು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ತಲೆಯ ಮೇಲೆ, ತೊಲೆಗೆ ಅಡ್ಡಲಾಗಿ ಮಲಗಿದ್ದವು. ಗುಡಿಸಲು ಹೋಗಿ ಸರ್ಕಾರದ ಮನೆ ಬಂತು, ಅದಕ್ಕೆ ಕಬ್ಬಿಣದ ಕಿಟಕಿ ಬಂತು, ಹಲಗೆಗಳು ಅಟ್ಟಕ್ಕೆ ಹೋದವು. ವರ್ಷಕ್ಕೊಮ್ಮೆ ಅಪ್ಪ ಅವನ್ನು ಇಳಿಸಿ ಹೊಂಗೆ ಎಣ್ಣೆ ಉಜ್ಜುತ್ತಿದ್ದ. ಮನೆಯೆಲ್ಲ ನಾಲ್ಕು ದಿನ ಆ ನಾತ. ಅದೇ ನಾತ ಹೊತ್ತು ನಾನು ಸ್ಕೂಲಿಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂರುವ ಹುಡುಗಿ ಮೂಗು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿಯುತ್ತಿದ್ದಳು. ಅವಳು ಸರಿಯಲು ಬೇರೆ ಕಾರಣವೂ ಇತ್ತು, ನನಗೆ ಗೊತ್ತಿತ್ತು. ಆದರೆ ಆ ವಯಸ್ಸಿನಲ್ಲಿ ಬೈಯಲು ಕೈಗೆ ಸಿಕ್ಕದ್ದು ಹೊಂಗೆ ಎಣ್ಣೆ ಮತ್ತು ಅಪ್ಪ.

ಮುಂದೆ ಓದಿದೆ, ಮೇಷ್ಟರ ಕೆಲಸ ಸಿಕ್ಕಿತು, ಮದುವೆಯಾಯಿತು. ನಾನೂ ನನ್ನ ಗಂಡನೂ ಬೌದ್ಧರಾದೆವು. ಕೊರಟಗೆರೆ ತಾಲ್ಲೂಕಿನ ಹೈಸ್ಕೂಲಿನಲ್ಲಿ ಕೆಲಸ ಮಾಡುತ್ತಾ ಮಧುಗಿರಿಯಲ್ಲಿ ಸೈಟು ತೆಗೆದುಕೊಂಡೆವು. ಅಷ್ಟು ಹೊತ್ತಿಗೆ ಅವ್ವ ತೀರಿಕೊಂಡಿದ್ದಳು. ಪಾಯ ತೆಗೆದ ದಿನ ಅಪ್ಪ ಬಂದು ಒಂದೇ ಮಾತು ಕೇಳಿದ.

"ನಂಗೊಂದು ರೂಮು ಅಂದ್ಯಲ್ಲವ್ವ, ಅದ್ಕೆ ಕಿಟಕಿ ಮಡಗ್ತೀಯಾ?"

"ಮಡಗದೆ ಇರ್ತೀನಾ?"

"ಅಂಗಾರೆ ಬಾಗ್ಲು ನಂದು. ಆ ಎಲ್ಡು ಹಲ್ಗೆ ಐತಲ್ಲ, ಅವೇ ಹಾಕ್ಸು. ನಾ ಕುಯ್ದಿದ್ನ ನಾನೇ ಒಳಗಡೆಯಿಂದ ಒಂದ್ಸಲ ಮುಚ್ಚಬೇಕು. ಇನ್ನೇನೂ ಬ್ಯಾಡ ಬುಡು ನಂಗೆ."

ನಾನು ಆಯ್ತು ಕಣಪ್ಪ ಅಂದೆ. ಮುಂದಿನ ವಾರವೇ ಕಡಲೇಕಾಯಿ ಮೂಟೆ ತರುವ ಟೆಂಪೋದಲ್ಲಿ ಹಲಗೆಗಳು ಬಂದಿಳಿದವು. ಹಳೇ ಸೀರೆಯಲ್ಲಿ ಸುತ್ತಿ ಕಟ್ಟಿದ್ದ. ಸೀರೆ ಅವ್ವನದು. ಸಿಮೆಂಟ್ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದೆವು. ಶೆಡ್ಡಿನ ಬಾಗಿಲು ತೆಗೆದರೆ ಹೊಂಗೆ ನಾತ ರಪ್ಪೆಂದು ಮುಖಕ್ಕೆ ಬಡಿಯುತ್ತಿತ್ತು. ನನಗೆ ಆ ಬೆಂಚಿನ ತುದಿ ನೆನಪಾಗುತ್ತಿತ್ತು.

ಒಳಬಾಗಿಲಿಗೆ ಏನು ಹಾಕಿಸಬೇಕು ಎಂದು ಆಮೇಲೆ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ತೇಗ ಅಂದರೆ ಈಗ ಸಿಗುವುದು ಎಳೇ ಮರ, ಅರ್ಧಕ್ಕರ್ಧ ಬಿಳಿ, ಬೇಗ ಹುಳ ಬೀಳುತ್ತದೆ. ಬೇವು ಚೆನ್ನಾಗಿ ಒಣಗದಿದ್ದರೆ ಸೆಟೆದುಕೊಂಡು ಚಿಲಕ ಕೂರುವುದಿಲ್ಲ. ಅಲ್ಯೂಮಿನಿಯಂ ನಮ್ಮ ಬಿಸಿಲಿಗೆ ಬಾಣಲೆಯಾಗುತ್ತದೆ. ಪಾವಗಡದಿಂದ ಬರುವ ನಮ್ಮ ಗಣಿತದ ಮೇಡಂ, "ಯುಪಿವಿಸಿ ಪ್ಲಾಸ್ಟಿಕ್ ಹಾಕ್ಸಿ ಮೇಡಂ, ಮಾ ಇಂಟ್ಲೋ ಅದೇ. ನಮ್ ಪಾವಗಡದ ಎಂಡೆಗೇ, ಅಂಥಾ ಬಿಸಿಲಿಗೇ ಏನೂ ಆಗಿಲ್ಲ," ಎಂದು ತಮ್ಮ ಮನೆಯ ಫೋಟೊ ತೋರಿಸಿದರು. ನೋಡಿದರೆ ಆಸ್ಪತ್ರೆಯ ವಾರ್ಡಿನಂತಿತ್ತು. ಕೊನೆಗೆ ಶಿರಾದ ಒಂದು ಪ್ಲೈವುಡ್ ಅಂಗಡಿಗೆ ಹೋದೆವು. ಅಂಗಡಿಯ ಸಾಹೇಬರು ಅಂಗೈ ಅಗಲದ ಮಾದರಿ ತುಂಡುಗಳನ್ನು ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿದರು.

"ಬಿಲ್ಕುಲ್ ತೇಗ ಇದ್ದಂಗೇ ಕಾಣ್ತದೆ ಮೇಡಂ. ಪಾಲಿಶ್ ಬೇಡ, ಎಣ್ಣೆ ಬೇಡ. ಒದ್ದೆ ಬಟ್ಟೆಲಿ ಒರಸಿದ್ರೆ ಖಲಾಸ್. ವಾಸನೆ ಗೀಸನೆ ಏನೂ ಇಲ್ಲ."

ವಾಸನೆ ಇಲ್ಲ ಅಂದದ್ದೇ ಸಾಕಾಯಿತು ನನಗೆ. ಮಿಕ್ಕ ಗುಣಗಳನ್ನು ನಾನು ಕಿವಿಗೆ ಹಾಕಿಕೊಂಡ ನೆನಪಿಲ್ಲ.

ಒಂದು ತುಂಡನ್ನು ಊರಿಗೆ ಒಯ್ದು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದ, ಹೆಬ್ಬೆರಳಿನಿಂದ ಉದ್ದಕ್ಕೂ ಅಡ್ಡಕ್ಕೂ ಸವರಿದ.

"ಗೆರೆ ಐತೆ, ಕೈಗೆ ಸಿಗ್ತಿಲ್ವಲ್ಲ. ಏನವ್ವ ಇದು, ಕಾಗ್ದವಾ?"

"ಅಡುಗೆಮನೆ ಬೀರುಗೆ ಕಣಪ್ಪ," ಎಂದು ಸುಳ್ಳು ಹೇಳಿದೆ. ಏಳು ಕಿಟಕಿಗೂ ಅದನ್ನೇ ಹಾಕಿಸುವುದೆಂದು ಶಿರಾದಲ್ಲೇ ತೀರ್ಮಾನ ಮಾಡಿಯಾಗಿತ್ತು. ಅಪ್ಪನಿಗೆ ಆಮೇಲೆ ಹೇಳೋಣ, ಹೊಸ ಮನೆಯ ಸಡಗರದಲ್ಲಿ ಮರೆತುಬಿಡುತ್ತಾನೆ ಅಂದುಕೊಂಡೆ. ಮೂವತ್ತು ವರ್ಷ ಮರೆಯದವನು ಒಂದು ಹೋಳಿಗೆ ಊಟಕ್ಕೆ ಮರೆಯುತ್ತಾನೆ ಎಂದು ಲೆಕ್ಕ ಹಾಕಿದ ನನ್ನ ಬುದ್ಧಿಗೆ ಏನು ಹೇಳಲಿ.

ಬಡಗಿಯನ್ನು ಒಂದು ಮಾತು ಕೇಳಿದ್ದೆ, ಅದನ್ನೂ ಬರೆಯಬೇಕು. ಅವನು ಶೆಡ್ಡಿಗೆ ಹೋಗಿ ಸೀರೆ ಬಿಚ್ಚಿ, ಹಲಗೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡಿ ಬಂದ.

"ಇದು ಮರ ಅಲ್ಲ ಮೇಡಂ, ಕಬ್ಬಿಣ. ಮಿಷನ್ನಿಗೆ ಕೊಟ್ರೆ ಬ್ಲೇಡು ಹೋಯ್ತದೆ. ಮಾಡಾಕಾಗಲ್ಲ ಅಂತಲ್ಲ. ಕೈಯಾಗೇ ಉಜ್ಜಬೇಕು, ಒಂದು ವಾರ ಹಿಡೀತದೆ. ದಪ್ಪ ಕೀಲು ಬೇಕು. ಮಾಡಿದ್ರೆ ಮಾತ್ರ ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಾಕಿಲ್ಲ. ಏನ್ಮಾಡ್ಲಿ?"

"ನೋಡೋಣ," ಅಂದೆ. ಇಲ್ಲ ಎಂದು ಹೇಳಲು ಧೈರ್ಯ ಇಲ್ಲದ ದೊಡ್ಡವರು ಬಳಸುವ ಮಾತು ಅದು. ದೊಡ್ಡಮನೆಯ ಹಿರಿಯಮ್ಮನೂ ಕಿಟಕಿಯ ಆ ಕಡೆಯಿಂದ ಅಪ್ಪನಿಗೆ ಅದನ್ನೇ ಹೇಳುತ್ತಿದ್ದರು.

ಗೋಡೆ ಎದ್ದಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಾಗ ಮೇಸ್ತ್ರಿಯ ಫೋನು ಬಂತು.

"ಮೇಡಂ, ಸಿಮೆಂಟ್ ಬಾಂಡ್ಲಿ ಹೊತ್ಕಂಡು ಒಳಕ್ಕೋಗಾಕೆ ಹಲ್ಗೆ ಬೇಕಿತ್ತು. ಶೆಡ್ನಾಗೆ ಎಲ್ಡು ನಿಂತವಲ್ಲ, ತಗಳ್ಳಾ?"

ಅಲ್ಲಿ ನಿಂತಿದ್ದದ್ದು ಯಾವ ಎರಡು ಎಂದು ನನಗೆ ಗೊತ್ತಿತ್ತು. ಗಡಿಬಿಡಿಯಲ್ಲಿದ್ದೆ, ತಿಳಿಯಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೊತ್ತಿತ್ತು. ಬೇಡವಾದದ್ದನ್ನು ಬೇರೆ ಯಾರಾದರೂ ಕಣ್ಣೆದುರಿನಿಂದ ತೆಗೆದರೆ ನನ್ನ ಕೈಗೆ ಅಂಟುವುದಿಲ್ಲ ಅನ್ನಿಸಿತು.

"ಏನು ಬೇಕೋ ತಗೊಳ್ಳಿ," ಅಂದೆ.

ಅರ್ಧ ಗಂಟೆಗೆ ಮತ್ತೆ ಫೋನು. "ಮೇಡಂ, ಕಾಲು ಜಾರದಂಗೆ ಅಡ್ಡಪಟ್ಟಿ ಹೊಡೆಯಾನ ಅಂದ್ರೆ ಮೊಳೆ ಇಳೀತಾನೇ ಇಲ್ಲ. ನಾಕು ಮೊಳೆ ಬಗ್ಗೋದ್ವು. ಎಂಥ ಮರನಪ್ಪ ಇದು! ಡ್ರಿಲ್ ಹಾಕ್ಲಾ?"

ದೇವರಿಲ್ಲ ಎಂದು ನಂಬಿದವಳು ನಾನು. ಇದ್ದಿದ್ದರೂ ಇದಕ್ಕಿಂತ ಹೆಚ್ಚು ಏನು ಮಾಡಬಹುದಿತ್ತು? ಹಲಗೆ ತಾನಾಗಿ ಮೊಳೆಯನ್ನು ಬಗ್ಗಿಸಿ, ಇನ್ನೊಮ್ಮೆ ಯೋಚಿಸು ಎಂದು ನನಗೆ ಅರ್ಧ ಗಂಟೆ ಕೊಟ್ಟಿತ್ತು. ನಾನು ಕೆಂಪು ಪೆನ್ನು ಕೆಳಗಿಡದೆ, "ಹಾಕ್ಕೊಳ್ಳಿ, ಪೇಪರ್ ತಿದ್ತಾ ಇದ್ದೀನಿ," ಅಂದೆ.

ತಾರಸಿಗೆ ಮೋಲ್ಡ್ ಹಾಕುವ ದಿನ ಅಪ್ಪ ಹೇಳದೆ ಕೇಳದೆ ಬಂದುಬಿಟ್ಟ. ಮಿಡಿಗೇಶಿಯಿಂದ ಬೆಳಗಿನ ಬಸ್ಸು ಹತ್ತಿ, ಸ್ಟ್ಯಾಂಡಿನಿಂದ ಆಟೋ ಮಾಡಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಇಳಿದ. ಕೈಯಲ್ಲಿ ಒಂದು ಸೀಸೆ ಹೊಂಗೆ ಎಣ್ಣೆ. ಮಿಕ್ಸರಿನ ಸದ್ದು, ಬಾಂಡಲಿ ದಾಟಿಸುವವರ ಕೂಗು, ಮೇಲೆ ಜಲ್ಲಿ ಸುರಿಯುವ ಸದ್ದು. ಬಾಗಿಲಿನ ಜಾಗಕ್ಕೆ ಇನ್ನೂ ಮೆಟ್ಟಿಲಿರಲಿಲ್ಲ, ಆ ಜೋಡಿ ಹಲಗೆಗಳೇ ಇಳಿಜಾರಾಗಿ ಬಿದ್ದಿದ್ದವು. ಮೇಲೆ ಸಿಮೆಂಟಿನ ಕೆಸರು ಬೆರಳು ದಪ್ಪ ಮೆತ್ತಿತ್ತು. ಅಪ್ಪನಿಗೆ ಕಾಣುವುದಿಲ್ಲ ಎಂಬ ಸಮಾಧಾನ ಆ ಗಳಿಗೆ ನನ್ನೊಳಗೆ ಹಾದುಹೋಯಿತು. ನಾಚಿಕೆಯಿಲ್ಲದೆ ಹಾದುಹೋಯಿತು.

ಅಪ್ಪ ಹಲಗೆಯ ಬುಡದಲ್ಲಿ ನಿಂತು ಚಪ್ಪಲಿ ಬಿಟ್ಟ.

"ಚಪ್ಪಲಿ ಹಾಕ್ಕೊಂಡೇ ಬಾರಪ್ಪ, ಮೊಳೆ ಇರ್ತವೆ. ನಮ್ಮನೆ ತಾನೆ."

"ಮನೆ ಅಂದ್ಮ್ಯಾಗೆ ಮನೆ ಕಣವ್ವ," ಅಂದ. ಬದುಕಿಡೀ ಕಂಡವರ ಮನೆಯ ಮುಂದೆ ಚಪ್ಪಲಿ ಬಿಟ್ಟು ಹೊರಗೇ ನಿಂತವನು ಈಗ ಮಗಳ ಮನೆಗೆ ಚಪ್ಪಲಿ ಬಿಟ್ಟು ಒಳಗೆ ಹೊರಟಿದ್ದ.

ನಾನು ಕೈ ಹಿಡಿದೆ. ಎರಡು ಹೆಜ್ಜೆ ಹತ್ತಿದ. ಮೂರನೆಯದಕ್ಕೆ ಅವನ ಪಾದ ನಿಂತಿತು. ಕೆಸರಿನ ಕೆಳಗೆ ಹೆಬ್ಬೆರಳು ಅತ್ತ ಇತ್ತ ಆಡಿತು. ಹಿಮ್ಮಡಿ ಒತ್ತಿ ನೋಡಿದ. ಹಲಗೆ ಜಗ್ಗಲಿಲ್ಲ. ಬೇರೆ ಯಾವ ಹಲಗೆಯಾದರೂ ಇಬ್ಬರ ಭಾರಕ್ಕೆ ನಡುವೆ ಒಂದಿಷ್ಟು ಜಗ್ಗುತ್ತದೆ.

"ಇದು ಕಮರ ಅಲ್ವೇನವ್ವ?"

"ಅಲ್ಲ ಕಣಪ್ಪ. ಮೇಸ್ತ್ರಿ ತಂದಿದ್ದು."

ಅವನು ನನ್ನ ಕೈ ಬಿಟ್ಟ. ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಕೆಸರು ಸರಿಸಿ, ಬೆರಳನ್ನು ಉದ್ದಕ್ಕೆ ಎಳೆಯುತ್ತಾ ಹೋದ. ಅಡ್ಡಪಟ್ಟಿ ಕಿತ್ತುಹೋದ ಕಡೆ, ಡ್ರಿಲ್ ಹಾಕಿದ ತೂತಿನಲ್ಲಿ ಬೆರಳು ಒಂದು ಸಲ ಇಳಿದು ಎದ್ದಿತು. ಇನ್ನೊಂದು ತೂತು. ಆಮೇಲೆ ನಡುವಿನಲ್ಲಿ ಆ ಅಂಕುಡೊಂಕು ಗೀರು ಸಿಕ್ಕಿತು. ಗರಗಸ ಜಾರಿದ್ದು. ಬೆರಳು ಅದರೊಳಗೇ ಸ್ವಲ್ಪ ಹೊತ್ತು ಇತ್ತು. ಹಿಂದೆ ಬಾಂಡಲಿ ಹೊತ್ತ ಹೆಂಗಸು, "ದಾರಿ ಬುಡಿ ಯಜಮಾನ್ರೇ, ಕತ್ತು ನೋಯ್ತೈತೆ," ಎಂದು ಕೂಗಿದಳು. ಅಪ್ಪ ಎದ್ದು, ಒಳಗೆ ಹತ್ತದೆ, ಹಿಂದಕ್ಕೆ ಇಳಿದು ದಾರಿ ಬಿಟ್ಟ. ಅವಳು ದಡದಡ ಹತ್ತಿಹೋದಳು.

ನಾನು ಏನೋ ಹೇಳತೊಡಗಿದೆ. ಬಡಗಿ ಆಗಲ್ಲ ಅಂದ, ಬ್ಲೇಡು ಹೋಗುತ್ತದೆ ಅಂದ, ತೊಳೆಸಿ ಸರಿಮಾಡಿಸುತ್ತೇನೆ ಎಂದೆಲ್ಲ. ಅಪ್ಪ ಅಂಗಿಯ ಅಂಚಿಗೆ ಕೈ ಒರೆಸಿಕೊಂಡ. ಬಿಳಿ ಅಂಗಿ.

"ದೊಡ್ಮನೆಯೋರಾದ್ರೂ ಕಿಟಕಿಗೆ ಹಾಕ್ಕಂಡಿದ್ರು ಕಣವ್ವ," ಅಂದ. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಇದ್ದಿದ್ದರೆ ನಾನೂ ಎದುರು ಮಾತಾಡಿ, ಜಗಳ ಮಾಡಿ, ಮಾರನೇ ದಿನ ಸರಿಹೋಗುತ್ತಿದ್ದೆವು. ಎಣ್ಣೆಯ ಸೀಸೆಯನ್ನು ಇಟ್ಟಿಗೆ ರಾಶಿಯ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟ. ನಾನೇ ಆಟೋಗೆ ಹತ್ತಿಸಿದೆ.

ಹಲಗೆಗಳನ್ನು ಆಮೇಲೆ ತೊಳೆಸಿದೆ, ಉಜ್ಜಿಸಿದೆ. ತೂತುಗಳನ್ನು ನೋಡಿ ಬಡಗಿ ಇನ್ನಾಗಲ್ಲ ಎಂದು ತಲೆಯಾಡಿಸಿಬಿಟ್ಟ. ಆ ಸೀಸೆಯ ಎಣ್ಣೆಯನ್ನು ಒಂದು ಭಾನುವಾರ ನಾನೇ ಕೂತು ಹಚ್ಚಿದೆ. ಸಿಮೆಂಟು ಕುಡಿದ ಜಾಗದಲ್ಲಿ ಎಣ್ಣೆ ಇಳಿಯಲಿಲ್ಲ, ಮೇಲೇ ಹನಿಹನಿಯಾಗಿ ನಿಂತಿತು. ಈಗ ಅವು ಮೆಟ್ಟಿಲ ಕೆಳಗೆ, ಗ್ಯಾಸ್ ಸಿಲಿಂಡರಿನ ಹಿಂದೆ ಇವೆ.

ಅಪ್ಪ ಗೃಹಪ್ರವೇಶಕ್ಕೆ ಬಂದ, ಅಲ್ಲಿಂದೀಚೆಗೆ ನಮ್ಮ ಜೊತೆಗೇ ಇದ್ದಾನೆ. ಮೊಮ್ಮಗಳಿಗೆ ಕತೆ ಹೇಳುತ್ತಾನೆ, ಸಾರಿಗೆ ಉಪ್ಪು ಹೆಚ್ಚಾದರೆ ಗೊಣಗುತ್ತಾನೆ, ಹಲಗೆಯ ವಿಷಯ ಮಾತ್ರ ಎತ್ತುವುದಿಲ್ಲ. ಮಧ್ಯಾಹ್ನ ಅವನ ರೂಮಿನೊಳಗೆ ಬಿಸಿಲು ಮಂಚದವರೆಗೂ ಬರುತ್ತದೆ. ತೇಗದ ಗೆರೆಯ ಬಾಗಿಲುಗಳು ಅವನ ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಮುಚ್ಚಿಕೊಳ್ಳುವುದಿಲ್ಲ. ಅಂಗಿ ಬೆವರಿ ಬೆನ್ನಿಗೆ ಅಂಟಿದ್ದರೂ ಹಾಗೇ ಕೂತಿರುತ್ತಾನೆ.

ಮೊನ್ನೆ ಭಾನುವಾರ ತಡೆಯಲಾರದೆ ಕೇಳಿದೆ. "ಅಪ್ಪ, ಬಾಗಿಲು ಮುಚ್ಕೊಂಡು ಒಂದು ಗಳಿಗೆ ಮಲ್ಕೋಬಾರ್ದಾ?"

ಅವನು ನನ್ನ ಎತ್ತರದ ಕಡೆ ಮುಖ ತಿರುಗಿಸಿದ.

"ನಿನ್ ಮನೆ ಬಾಗ್ಲು ಕಣವ್ವ ಅದು. ನೀನೇ ಮುಚ್ಚು."

ಮುಚ್ಚಿದೆ. ಹಗುರವಾದ ಬಾಗಿಲುಗಳು, ಸದ್ದೇ ಆಗುವುದಿಲ್ಲ.